ಮಾವನವರ ಜಿಂಕೆ ಅರ್ಜಿ

ಅರ್ಜಿ ತುಂಬುವುದರಲ್ಲಿ ಡಬ್ಲಿನ್ ಪಕ್ಕದ ಸ್ವೋರ್ಡ್ಸ್‌ನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನೇ ಹೇಳಿಕೊಂಡರೆ ಜಂಬವಾದೀತು. ಆದರೆ ನನ್ನ ದಿನಸಿ ಅಂಗಡಿಗೆ ಬರುವ ಕನ್ನಡದವರೆಲ್ಲ ಹಾಗೆ ಹೇಳುತ್ತಾರೆ, ನಾನು ಅಲ್ಲಗಳೆಯಲು ಹೋಗುವುದಿಲ್ಲ. ಸಾಫ್ಟ್‌ವೇರ್ ಹುಡುಗರು ಕೊತ್ತಂಬರಿ ಕಟ್ಟಿಗೆಂದು ಬಂದು ಹೆಂಡತಿಯ ವೀಸಾ ಅರ್ಜಿಯನ್ನು ಕೌಂಟರಿನ ಮೇಲೆ ಹರಡುತ್ತಾರೆ. ನಾನು ರಾಗಿ ಹಿಟ್ಟು ತೂಗುತ್ತಲೇ ಯಾವ ಕಾಲಮ್ಮಿನಲ್ಲಿ ಏನು ಬರೆಯಬೇಕೆಂದು ಹೇಳುತ್ತೇನೆ. ನಾನು ಓದಿದ್ದು ಕಡಿಮೆ. ಅಮ್ಮ ಬೆಂಗಳೂರಿನ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಿದ್ದಳು, ಚೌಕಾಸಿ ಅಲ್ಲಿ ಕಲಿತೆ. ಐರ್ಲೆಂಡಿಗೆ ಬಂದ ಹೊಸದರಲ್ಲಿ ಲೆಟರ್‌ಕೆನ್ನಿಯ ಒಂದು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದೆ, ತಾಳ್ಮೆ ಅಲ್ಲಿ ಕಲಿತೆ. ಅರ್ಜಿ ತುಂಬುವವನಿಗೆ ಇವೆರಡಿದ್ದರೆ ಸಾಕು.

ನನ್ನದೊಂದು ನಿಯಮವಿತ್ತು. ಅವರು ಮೂರು ಕಾಗದ ಕೇಳಿದರೆ ನಾವು ನಾಲ್ಕು ಕೊಡಬೇಕು. ನಾಲ್ಕನೆಯದನ್ನು ನೋಡಿದ ಅಧಿಕಾರಿಗೆ, ಇವನ ಹತ್ತಿರ ಮುಚ್ಚಿಡುವಂಥದ್ದು ಏನೂ ಇಲ್ಲ ಅನ್ನಿಸುತ್ತದೆ. ಈ ನಿಯಮ ಪಾಸ್‌ಪೋರ್ಟ್ ಕಚೇರಿಯಲ್ಲಿ ಗೆದ್ದಿದೆ, ಬ್ಯಾಂಕಿನಲ್ಲಿ ಗೆದ್ದಿದೆ, ಮಗಳ ಶಾಲೆಯಲ್ಲೂ ಗೆದ್ದಿದೆ. ಸೋತದ್ದು ಒಂದೇ ಸಲ. ಕೋವಿಡ್ ಬಂದ ಮೊದಲ ವರ್ಷ ನನ್ನ ಮಾವನವರಿಗೆ ಜಿಂಕೆ ಬೇಟೆಯ ಪರವಾನಗಿ ಕೊಡಿಸಲು ಹೊರಟಾಗ.

ಮಾವನವರು ಕೊಡಗಿನವರು. ಜೇನು ಸಹಕಾರ ಸಂಘವೊಂದರಲ್ಲಿ ಮೂವತ್ತು ವರ್ಷ ತಕ್ಕಡಿಯ ಮುಂದೆ ಕೂತು, ಒಂದು ಹನಿ ಹೆಚ್ಚು ಕಡಿಮೆ ಮಾಡದೆ ನಿವೃತ್ತರಾದವರು. ಮಗಳು ಸೊಪ್ಪು ಮಾರುವವಳ ಮಗನನ್ನು ಮದುವೆಯಾದದ್ದು, ಅದರಲ್ಲೂ ಮಾಂಸ ಮುಟ್ಟದವನನ್ನು ಆರಿಸಿಕೊಂಡದ್ದು, ಹನ್ನೊಂದು ವರ್ಷವಾದರೂ ಅವರಿಗೆ ಪೂರ್ತಿ ಜೀರ್ಣವಾಗಿರಲಿಲ್ಲ. ಫೆಬ್ರವರಿಯಲ್ಲಿ ಮೂರು ತಿಂಗಳ ಮಟ್ಟಿಗೆಂದು ನಮ್ಮಲ್ಲಿಗೆ ಬಂದರು. ಮಾರ್ಚಿನಲ್ಲಿ ಎಲ್ಲ ಮುಚ್ಚಿತು. ವಿಮಾನ ನಿಂತಿತು. ಮನೆಯಿಂದ ಎರಡು ಕಿಲೋಮೀಟರು, ಆಮೇಲೆ ಐದು ಕಿಲೋಮೀಟರು, ಅದರಾಚೆ ಹೋಗುವಂತಿಲ್ಲ. ವೀಸಾ ಅವಧಿಯನ್ನು ಸರ್ಕಾರವೇ ಮುಂದಕ್ಕೆ ಹಾಕಿತು, ಅದಕ್ಕೆ ಅರ್ಜಿಯೂ ಬೇಕಾಗಲಿಲ್ಲ. ನನಗೆ ಸ್ವಲ್ಪ ಬೇಜಾರೇ ಆಯಿತು.

ಅಂಗಡಿ ಅಗತ್ಯ ಸೇವೆಯಾದ್ದರಿಂದ ನಾನು ದಿನವೂ ಹೋಗುತ್ತಿದ್ದೆ. ಹೆಂಡತಿ ಮಹಡಿಯ ಕೋಣೆಯಿಂದ ಕಚೇರಿ ಕೆಲಸ ಮಾಡುತ್ತಿದ್ದಳು. ಮಾವನವರು ಕಿಟಕಿಯ ಪಕ್ಕ ಕೂತು ಪಕ್ಕದ ಮನೆಯ ಬೆಕ್ಕನ್ನು ನೋಡುತ್ತಿದ್ದರು. ಜೂನ್ ಹೊತ್ತಿಗೆ ದಿನವೂ ಗಡ್ಡ ಬೋಳಿಸುವುದನ್ನು ಬಿಟ್ಟಿದ್ದರು. ನಾನು ಅದನ್ನು ಗಮನಿಸಿದೆ. ಹೆಂಡತಿ ನನಗಿಂತ ಮೊದಲೇ ಗಮನಿಸಿದ್ದಳು.

"ಅಪ್ಪನಿಗೆ ಹಬ್ಬದ ಯೋಚನೆ," ಅಂದಳು. "ಕೈಲ್‌ಪೊಳ್ದ್ ಸೆಪ್ಟೆಂಬರಲ್ಲಿ ಬರುತ್ತಲ್ಲ. ಹದಿನಾರನೇ ವಯಸ್ಸಿಂದ ಒಂದು ವರ್ಷನೂ ತಪ್ಪಿಸಿಲ್ಲ ಅವರು."

ಕೈಲ್‌ಪೊಳ್ದ್ ಎಂದರೆ ಕೊಡವರ ಆಯುಧ ಪೂಜೆ. ಗದ್ದೆ ನಾಟಿಯ ದಿನಗಳಲ್ಲಿ ಕೋವಿಗಳನ್ನು ದೇವರ ಕೋಣೆಯಲ್ಲಿ ಇಟ್ಟುಬಿಡುತ್ತಾರೆ. ಸೆಪ್ಟೆಂಬರ್ ಮೊದಲ ವಾರದಲ್ಲಿ ಹೊರಗೆ ತೆಗೆದು, ತುದಿಗೆ ಕೆಂಪು ಹಳದಿಯ ಗೌರಿ ಹೂ ಸಿಕ್ಕಿಸಿ, ಪೂಜೆ ಮಾಡಿ, ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಬೇಟೆ ಅಲ್ಲಿ ನಿಂತು ಎಷ್ಟೋ ಕಾಲವಾಯಿತು, ಕಾನೂನು ಬಿಡುವುದಿಲ್ಲ. ಉಳಿದಿರುವುದು ಕಾಯಿ. ಆ ದಿನ ಕೋವಿಯ ಹತ್ತಿರ ಇರಬೇಕು, ಕಾಯಿ ಒಡೆಯಬೇಕು. ಮಾವನವರಿಗೆ ಬೇಕಾದದ್ದು ಅಷ್ಟೇ. ಬಾಯಿಬಿಟ್ಟು ಕೇಳುವ ಜನ ಮಾತ್ರ ಅಲ್ಲ.

ಜುಲೈಯಲ್ಲಿ ಓಡಾಟಕ್ಕೆ ಬಿಟ್ಟ ಕೂಡಲೇ ಅವರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ವಿಕ್ಲೋ ಬೆಟ್ಟಗಳ ಕಡೆ ಹೋದೆ. ಅಲ್ಲೊಬ್ಬ ರೈತ ನನಗೆ ಆಲೂಗಡ್ಡೆ ಕೊಡುತ್ತಾನೆ. ಅವನ ಹೊಲದ ಒಂದು ಮೂಲೆಯಲ್ಲಿ ನನ್ನ ಅಂಗಡಿಗಾಗಿ ಮೆಂತ್ಯ ಸೊಪ್ಪನ್ನೂ ಬೆಳೆಸಿದ್ದೆ. ಅರವತ್ತು ದಾಟಿದ ಒಂಟಿ ಮನುಷ್ಯ, ಮಾತು ಕಡಿಮೆ, ನಾಯಿ ಎರಡು. ನಾವು ಹೋದ ದಿನ ಆ ಮೆಂತ್ಯದಲ್ಲಿ ಮೂರು ಜಿಂಕೆಗಳು ನಿಂತು, ನಾನೇ ಬಡಿಸಿದ್ದೇನೋ ಅನ್ನುವ ಹಾಗೆ ಮೇಯುತ್ತಿದ್ದವು. ನನ್ನ ಹೊಟ್ಟೆ ಉರಿಯಿತು. ಮಾವನವರು ಮಾತ್ರ ವ್ಯಾನಿನ ಬಾಗಿಲನ್ನು ಸದ್ದಾಗದಂತೆ ತೆರೆದು, ಗಾಳಿ ಯಾವ ಕಡೆಯಿಂದ ಬರುತ್ತಿದೆಯೆಂದು ನೋಡಿ, ಬೇಲಿಯ ಮರೆಯಲ್ಲಿ ಕೂತರು. ಐದು ತಿಂಗಳಲ್ಲಿ ಅವರ ಬೆನ್ನು ಅಷ್ಟು ನೆಟ್ಟಗಿದ್ದದ್ದನ್ನು ನಾನು ನೋಡಿರಲಿಲ್ಲ.

"ಇವಕ್ಕೆ ಯಾರೂ ಹೊಡೆಯೋದಿಲ್ವಾ?" ಎಂದು ಪಿಸುಗುಟ್ಟಿದರು.

ರೈತನನ್ನು ಕೇಳಿದೆ. ಸೆಪ್ಟೆಂಬರ್ ಒಂದರಿಂದ ಗಂಡು ಜಿಂಕೆಗೆ ಸೀಸನ್ ಶುರು, ತನಗೆ ಪರವಾನಗಿ ಇದೆ, ರೈಫಲ್ ಇದೆ, ಆದರೆ ಮಂಡಿ ನೋವು ಎಂದ. ನನ್ನ ತಲೆಯಲ್ಲಿ ಲೆಕ್ಕ ಅಲ್ಲೇ ಓಡಿತು. ಈ ದೇಶದಲ್ಲಿ ಕೋವಿ ಹಿಡಿಯಬೇಕಾದರೆ ಪೊಲೀಸರಿಗೆ ಒಪ್ಪುವಂಥ ಕಾರಣ ತೋರಿಸಬೇಕು. ತೆಂಗಿನಕಾಯಿ ಎಂದು ಬರೆದರೆ ನಡೆಯುವುದಿಲ್ಲ. ಜಿಂಕೆ ಎಂದು ಬರೆದರೆ ನಡೆಯುತ್ತದೆ. ಸೀಸನ್ ಶುರುವಾಗುವುದೂ ಹಬ್ಬ ಬರುವುದೂ ಒಂದೇ ವಾರದಲ್ಲಿ.

ಇಂಥ ಅರ್ಜಿ ಹಾಕಬೇಕೆಂದಿರುವವರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಮೊದಲು ಜಮೀನಿನವನ ಒಪ್ಪಿಗೆ ಪತ್ರ ಕೈಗೆ ತೆಗೆದುಕೊಳ್ಳಿ, ಮಿಕ್ಕಿದ್ದು ಆಮೇಲೆ. ಯಾರ ಹೊಲ, ಎಷ್ಟು ದೊಡ್ಡದು, ಜಿಂಕೆ ಅಲ್ಲಿ ನಿಜವಾಗಿಯೂ ಓಡಾಡುತ್ತದೆಯೇ, ಇದೆಲ್ಲ ಅದರಲ್ಲಿ ಇರಬೇಕು. ಅದಿಲ್ಲದೆ ಆನ್‌ಲೈನ್ ಫಾರ್ಮಿನ ಮುಂದೆ ಕೂತರೆ ಮೂರನೇ ಪುಟದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಎರಡನೆಯದು, ಕೋವಿಗೆ ಪೊಲೀಸರ ಸರ್ಟಿಫಿಕೇಟು ಬೇರೆ, ಜಿಂಕೆಗೆ ವನ್ಯಜೀವಿ ಇಲಾಖೆಯ ಪರವಾನಗಿ ಬೇರೆ. ಒಂದಿದ್ದರೆ ಇನ್ನೊಂದು ತಾನಾಗಿ ಬರುವುದಿಲ್ಲ.

ರೈತ ಒಪ್ಪಿಗೆ ಪತ್ರ ಕೊಡಲು ಮೀನಮೇಷ ಎಣಿಸಿದ.

"ನಿಮ್ಮ ಮಾವನ್ನ ನಾನು ಒಂದೇ ಸಲ ನೋಡಿರೋದು. ಅವರು ಬೇಲಿ ಹಿಂದೆ ಕೂತಿದ್ರು," ಎಂದ.

"ಜಿಂಕೆ ಅವರನ್ನ ನೋಡ್ತಾ?"

"ಇಲ್ಲ."

"ಇನ್ನೇನು ಬೇಕು ನಿನಗೆ?"

ಅವನು ಗದ್ದ ತುರಿಸಿಕೊಂಡ. ವಾರಕ್ಕೆ ಎರಡು ಮೂಟೆ ಆಲೂಗಡ್ಡೆ ಹೆಚ್ಚಿಗೆ ಎತ್ತುತ್ತೇನೆ ಎಂದೆ. ನಾಲ್ಕು ಎಂದ. ಮೂರಕ್ಕೆ ನಿಂತಿತು. ಹೋಟೆಲುಗಳೆಲ್ಲ ಮುಚ್ಚಿ ಅವನ ಆಲೂಗಡ್ಡೆ ಕೊಳೆಯುತ್ತಿದ್ದದ್ದು ನನಗೆ ಗೊತ್ತಿತ್ತು. ಮನೆಯಲ್ಲೇ ಕೂತ ನನ್ನ ಗಿರಾಕಿಗಳು ಹೊತ್ತು ಹೊತ್ತಿಗೂ ಬೋಂಡಾ ಕರಿಯುತ್ತಿದ್ದದ್ದು ಅವನಿಗೆ ಗೊತ್ತಿರಲಿಲ್ಲ. ಮೂಟೆ ಆರಾಗಿದ್ದರೂ ನಾನು ಎತ್ತುತ್ತಿದ್ದೆ.

ಪೊಲೀಸರ ಫಾರ್ಮ್ ತುಂಬಲು ಕೂತಾಗ ಮೊದಲನೇ ಪ್ರಶ್ನೆಗೇ ಜಗಳ ಬಂತು. ಅರ್ಜಿದಾರರು ಈ ದೇಶದ ನಿವಾಸಿಯೋ, ಅಲ್ಲವೋ?

"ನಿವಾಸಿ ಅಂತ ಹಾಕೋಣ ಮಾವ," ಎಂದೆ. "ಆರು ತಿಂಗಳಾಯ್ತು ಇಲ್ಲಿದ್ದೀರಿ. ವೀಸಾ ಅವರೇ ಮುಂದಕ್ಕೆ ಹಾಕಿದಾರೆ. ನಿವಾಸಿ ಆದ್ರೆ ದಾರಿ ಸಲೀಸು."

"ನನ್ನ ಮನೆ ಎಲ್ಲಿದೆ?"

"ಕೊಡಗಲ್ಲಿ."

"ಮತ್ತೆ ಸುಳ್ಳು ಯಾಕೆ ಬರೀತೀರಿ?"

"ಸುಳ್ಳಲ್ಲ ಮಾವ, ಅರ್ಥ ಮಾಡ್ಕೊಳ್ಳೋ ರೀತಿ."

"ನಮ್ಮ ಸಂಘದಲ್ಲೂ ಒಬ್ಬ ಇದ್ದ, ಬೆಲ್ಲದ ಪಾಕ ಬೆರೆಸಿದ ಜೇನು ತಂದು ಇದನ್ನೇ ಹೇಳ್ತಿದ್ದ," ಎಂದರು. ಹೆಂಡತಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು.

ಆ ಪ್ರಶ್ನೆಯನ್ನು ಖಾಲಿ ಬಿಟ್ಟು ಮುಂದೆ ಹೋದೆ. ಖಾಲಿ ಬಿಡುವುದು ಸುಳ್ಳಲ್ಲ, ಸತ್ಯವೂ ಅಲ್ಲ. ಕಚೇರಿಯವರು ಕೇಳಿದಾಗ ನೋಡಿಕೊಳ್ಳಬಹುದು. ಅದೇ ಫಾರ್ಮಿನಲ್ಲಿ, ಸ್ವಂತ ದೇಶದಲ್ಲಿ ಬಂದೂಕಿನ ಅನುಭವ ಎಷ್ಟು ಎಂಬುದಕ್ಕೆ ಐವತ್ತೆರಡು ವರ್ಷ ಎಂದು ಬರೆದೆ. ಅಲ್ಲಿನ ಲೈಸೆನ್ಸ್ ನಂಬರ್ ಎಂಬಲ್ಲಿ ಮಾವನವರೇ ಹೇಳಿ ಬರೆಸಿದರು: ಅಗತ್ಯವಿಲ್ಲ, ಹುಟ್ಟಿನಿಂದ ವಿನಾಯಿತಿ. ಅದು ನಿಜ. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ, ಆಂಗ್ಲರ ಕಾಲದಿಂದ ಬಂದ ವಿನಾಯಿತಿ ಅದು. ನಮ್ಮ ದೇಶದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿಯಾದ್ದರಿಂದ ಅದಕ್ಕೆ ವಿವರಣೆ ಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಹೊಳೆದದ್ದು ನನ್ನ ನಾಲ್ಕನೇ ಕಾಗದ. ಹಿಂದಿನ ವರ್ಷದ ಕೈಲ್‌ಪೊಳ್ದ್ ದಿನ ಇಡೀ ಒಕ್ಕ, ಅಂದರೆ ಒಂದೇ ಮೂಲದ ಮನೆತನದವರೆಲ್ಲ, ಸೇರಿ ತೆಗೆಸಿಕೊಂಡ ಫೋಟೊ. ಮಧ್ಯದಲ್ಲಿ ಮಾವನವರು, ಸುತ್ತ ಹೂ ಮುಡಿದ ಕೋವಿಗಳು, ಮುಂದಿನ ಸಾಲಿನಲ್ಲಿ ಕತ್ತಿ ಹಿಡಿದ ಇಬ್ಬರು. ಅನುಭವಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದುಕೊಂಡು ಲಗತ್ತಿಸಿ ಕಳಿಸಿದೆ.

ಮಾವನವರು ಮರುದಿನದಿಂದ ಗಡ್ಡ ಬೋಳಿಸತೊಡಗಿದರು. ಅಂಗಡಿಗೆ ಬಂದು ತೆಂಗಿನಕಾಯಿ ರಾಶಿಯಲ್ಲಿ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಮೂರು ಆರಿಸಿ ಪಕ್ಕಕ್ಕಿಟ್ಟರು. "ಇವನ್ನ ಮಾರಬೇಡಿ," ಎಂದರು.

ಹಬ್ಬಕ್ಕೆ ಹತ್ತು ದಿನ ಇರುವಾಗ ಗಾರ್ಡಾ ಒಬ್ಬಳು ಮನೆಗೆ ಬಂದಳು. ಗಾರ್ಡಾ ಎಂದರೆ ಇಲ್ಲಿನ ಪೊಲೀಸರು. ಮುಖಕ್ಕೆ ಮಾಸ್ಕ್, ಕೈಯಲ್ಲಿ ಒಂದು ಫೈಲು. ಒಳಗೆ ಬರುವಂತಿಲ್ಲವಾದ್ದರಿಂದ ಗೇಟಿನ ಆಚೆ ನಿಂತಳು, ನಾವು ಬಾಗಿಲಲ್ಲಿ ನಿಂತೆವು. ಎದುರು ಮನೆಯವರು ಕಿಟಕಿಯ ಪರದೆ ಸರಿಸಿದರು. ಅವಳು ಫೈಲಿನಿಂದ ನನ್ನ ನಾಲ್ಕನೇ ಕಾಗದವನ್ನು ಹೊರಗೆ ತೆಗೆದಳು.

"ಈ ಫೋಟೊದಲ್ಲಿ ಎಷ್ಟು ಬಂದೂಕು ಇವೆ?"

ಮಾವನವರಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ. "ಏಳು," ಎಂದರು. ಆಮೇಲೆ ತೂಕ ಸರಿಪಡಿಸುವವರ ಹಾಗೆ, "ಒಂದು ಕಂಬದ ಹಿಂದೆ ಮರೆಯಾಗಿದೆ. ಅದೂ ಸೇರಿ ಎಂಟು."

ಹೆಂಡತಿ ನನ್ನ ತೋಳನ್ನು ಚಿವುಟಿದಳು.

"ಇದರಲ್ಲಿ ಎಷ್ಟಕ್ಕೆ ಲೈಸೆನ್ಸ್ ಇದೆ?"

"ಒಂದಕ್ಕೂ ಇಲ್ಲ."

"ಈಗ ಇವೆಲ್ಲ ಎಲ್ಲಿವೆ?"

"ದೇವರ ಕೋಣೆಯಲ್ಲಿ."

ಅವಳು ಬರೆದುಕೊಳ್ಳುತ್ತಿದ್ದವಳು ಪೆನ್ನು ನಿಲ್ಲಿಸಿ ತಲೆಯೆತ್ತಿದಳು. ಮಾಸ್ಕಿನ ಮೇಲೆ ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ಅವು ನಗುತ್ತಿದ್ದವೋ ಗದರುತ್ತಿದ್ದವೋ ನನಗೆ ತಿಳಿಯಲಿಲ್ಲ. ನಾನು ಮಧ್ಯೆ ಬಾಯಿ ಹಾಕಿದೆ. ವಿನಾಯಿತಿಯ ವಿಷಯವನ್ನೂ ಹಬ್ಬದ ವಿಷಯವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಊರಿನಲ್ಲಿದ್ದ ಭಾವಮೈದನಿಗೆ ಫೋನು ಹೋಯಿತು. ಅವನು ಬೀರು ತೆರೆದು, ಸರ್ಕಾರಿ ಮೊಹರು ಇದ್ದ ವಿನಾಯಿತಿ ಪತ್ರದ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ. ಗೇಟಿನ ಈ ಕಡೆ ನಿಂತು ನಾನು ಅದನ್ನು ಸಾಲು ಸಾಲಾಗಿ ಇಂಗ್ಲಿಷಿನಲ್ಲಿ ಓದಿದೆ. ಅವಳು ಸಮಾಧಾನದಿಂದ ಕೇಳಿದಳು.

"ನೀವು ತಪ್ಪು ಮಾಡಿದೀರಿ ಅಂತ ನಾನು ಹೇಳ್ತಾ ಇಲ್ಲ," ಎಂದಳು. "ಆದ್ರೆ ಇದನ್ನ ನೀವು ಮೊದಲೇ ಕಳಿಸಬಹುದಿತ್ತು. ಆ ಫೋಟೊ ಬದಲು." ಮತ್ತೆ ಫೈಲು ನೋಡಿ, "ನಿವಾಸಿಯೋ ಅಲ್ವೋ ಅನ್ನೋದನ್ನ ಖಾಲಿ ಬಿಟ್ಟಿದೀರಿ."

"ಆರು ತಿಂಗಳಿಂದ ಅವರು..." ಎಂದು ನಾನು ಶುರುಮಾಡಿದೆ.

"ನಾನು ಇಲ್ಲಿಯವನಲ್ಲ," ಎಂದು ಮಾವನವರು ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದರು. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಅಳಿಯಂದ್ರೇ, ನಾನು ಬಂದದ್ದು ಮಗಳನ್ನ ನೋಡೋದಕ್ಕೆ. ವಿಮಾನ ನಿಂತಿದೆ, ಅಷ್ಟೇ. ವಿಮಾನ ನಿಂತ್ರೆ ಮನುಷ್ಯನ ಊರು ಬದಲಾಗಲ್ಲ," ಎಂದರು.

ಹಾಗಾದರೆ ದಾರಿ ಬೇರೆ ಎಂದು ಅವಳು ವಿವರಿಸಿದಳು. ಹೊರಗಿನವರ ಅರ್ಜಿಗೆ ಮೂಲ ಪತ್ರಗಳೇ ಬೇಕು. ಅವು ಭಾರತದಿಂದ ಅಂಚೆಯಲ್ಲಿ ಯಾವಾಗ ಬರುತ್ತವೋ ಈ ಕಾಲದಲ್ಲಿ ಯಾರಿಗೂ ಗೊತ್ತಿಲ್ಲ. ಈ ಸೆಪ್ಟೆಂಬರ್ ಮಟ್ಟಿಗೆ ಆಸೆ ಇಟ್ಟುಕೊಳ್ಳಬೇಡಿ. ಹೊರಟವಳು ಎರಡು ಹೆಜ್ಜೆ ಹೋಗಿ ಹಿಂದಿರುಗಿ ನೋಡಿದಳು. ಪರವಾನಗಿ ಇರುವವನ ಜೊತೆಯಲ್ಲಿ ಸುಮ್ಮನೆ ನಡೆಯುವುದಕ್ಕೆ ಯಾವ ಅರ್ಜಿಯೂ ಬೇಡ, ಕೈ ಮಾತ್ರ ಬಂದೂಕಿಗೆ ತಗಲಬಾರದು ಎಂದಳು. ನನ್ನ ಮಾವನವರ ಮುಖ ನೋಡಿ ಹೇಳಿದ ಮಾತು ಅದು ಎಂದು ನನಗೆ ಇವತ್ತಿಗೂ ಅನುಮಾನ.

ಮಾವನವರು ಒಳಗೆ ಹೋಗಿ ಮತ್ತೆ ಕಿಟಕಿಯ ಪಕ್ಕ ಕೂತರು. "ಪರವಾಗಿಲ್ಲ," ಎಂದರು. "ಊರಲ್ಲಿ ಮಗ ಮಾಡ್ತಾನೆ." ಮರುದಿನ ಗಡ್ಡ ಬೋಳಿಸಲಿಲ್ಲ. ಅದನ್ನು ನೋಡಿದ ಮೇಲೆ ನನಗೆ ಅಂಗಡಿಯಲ್ಲಿ ನಿಲ್ಲಲಾಗಲಿಲ್ಲ. ಅವರು ಆರಿಸಿಟ್ಟ ಮೂರು ಕಾಯಿ ಎದುರಿಗೇ ಇದ್ದವು. ತಪ್ಪು ನನ್ನದು, ಫೋಟೊ ನನ್ನದು. ನಾನು ಕೆಡಿಸಿದ ವ್ಯವಹಾರವನ್ನು ನಾನೇ ಕುದುರಿಸಬೇಕು. ರೈತನಿಗೆ ಫೋನು ಮಾಡಿದೆ.

"ನಿನ್ನ ರೈಫಲ್‌ಗೆ ಪೂಜೆ ಮಾಡಬೇಕು," ಎಂದೆ.

"ಅದಕ್ಕೆ ಏನಾಗಿದೆ?"

"ಏನೂ ಆಗಿಲ್ಲ. ಅದು ನಮ್ಮ ಮಾವನವರ ಹಬ್ಬ." ಎಲ್ಲ ಬಿಡಿಸಿ ಹೇಳಿದೆ.

"ನನ್ನ ರೈಫಲ್ ಅವರ ಕೈಗೆ ಕೊಟ್ಟೆ ಅಂದ್ರೆ ನನ್ನ ಸರ್ಟಿಫಿಕೇಟ್ ಹೋಗುತ್ತೆ."

"ಅವರ ಕೈಗೆ ಬೇಡ. ನಿನ್ನ ಕೈಯಲ್ಲೇ ಇರ್ಲಿ. ಗುಂಡು ತೆಗೆದು ಹಿಡ್ಕೊ, ಅವರು ಹೂ ಇಡ್ತಾರೆ. ಆಮೇಲೆ ನೀನು ಒಂದು ತೆಂಗಿನಕಾಯಿಗೆ ಹೊಡಿ."

"ನಾನು ಹೊಡೀಬೇಕಾ?"

"ಪರವಾನಗಿ ಇರೋನು ನೀನು ತಾನೆ."

ಅವನು ನಕ್ಕ. ಅವನು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಮ್ಮಮ್ಮ ಟ್ರ್ಯಾಕ್ಟರ್‌ಗೆ ತೀರ್ಥ ಚಿಮುಕಿಸ್ತಿದ್ದಳು," ಎಂದ. "ಬನ್ನಿ. ಆದ್ರೆ ಮೂರು ಮೂಟೆ ಅಂದದ್ದು ನಾಲ್ಕಾಗಬೇಕು."

ತಕ್ಷಣ ಒಪ್ಪಿದರೆ ಅವನಿಗೆ ಸಂಶಯ ಬರುತ್ತದೆಂದು ಒಂದು ನಿಮಿಷ ಗೊಣಗಿ ಒಪ್ಪಿದೆ.

ಹಬ್ಬದ ಬೆಳಗ್ಗೆ ಮಾವನವರನ್ನೂ ಹೆಂಡತಿ ಮಗಳನ್ನೂ ವ್ಯಾನಿಗೆ ಹತ್ತಿಸಿದೆ. ಎಲ್ಲಿಗೆ ಎಂದು ಮಾವನವರಿಗೆ ಹೇಳಿರಲಿಲ್ಲ, ಆಲೂಗಡ್ಡೆಗೆ ಎಂದುಕೊಂಡಿದ್ದರು. ಮೂರು ಕಾಯಿ ಇದ್ದ ಚೀಲ ಕಾಲ ಹತ್ತಿರ ಉರುಳಿದಾಗ ನನ್ನ ಮುಖ ನೋಡಿದರು. ನಾನು ರಸ್ತೆ ನೋಡಿದೆ.

ಗೌರಿ ಹೂ ಐರ್ಲೆಂಡಿನಲ್ಲಿ ಎಲ್ಲಿಂದ ಬರಬೇಕು? ನಾನು ಅದಕ್ಕೂ ತಲೆ ಕೆಡಿಸಿಕೊಂಡಿದ್ದೆ. ಆದರೆ ರೈತನ ಮನೆಯ ಓಣಿಗೆ ತಿರುಗಿದಾಗ ಬೇಲಿಯ ಎರಡೂ ಕಡೆ ಕಿತ್ತಳೆ ಕೆಂಪಿನ ಹೂ ಬೆಂಕಿ ಹೊತ್ತಿಕೊಂಡಂತೆ ಬಿಟ್ಟಿತ್ತು. ಅದು ಇಲ್ಲಿ ಕಳೆಯ ಹಾಗೆ ಬೆಳೆಯುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಮಾವನವರು ವ್ಯಾನು ನಿಲ್ಲಿಸಲು ಹೇಳಿ, ಇಳಿದು, ಒಂದು ಕಡ್ಡಿ ಮುರಿದು ಮೂಸಿದರು. "ವಾಸನೆ ಇಲ್ಲ," ಎಂದರು. "ಆದ್ರೆ ಬಣ್ಣ ಹೆಚ್ಚು ಕಡಿಮೆ ಅದೇ."

ರೈತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದ. ರೈಫಲನ್ನು ತೆರೆದು ಖಾಲಿಯಿದೆಯೆಂದು ತೋರಿಸಿ, ಎರಡೂ ಕೈಯಲ್ಲಿ ಮಗುವನ್ನು ಹಿಡಿದ ಹಾಗೆ ಅಡ್ಡ ಹಿಡಿದ. ಮಾವನವರು ಚಪ್ಪಲಿ ಬಿಟ್ಟರು. ಅದನ್ನು ನೋಡಿ ರೈತನೂ ಬೂಟು ಬಿಚ್ಚಲು ಹೋದ, ಮಂಡಿ ಬಗ್ಗಲಿಲ್ಲ. "ಪರವಾಗಿಲ್ಲ," ಎಂದು ಮಾವನವರು ತಡೆದರು. ಕೈ ತಗಲದಂತೆ ಹೂವನ್ನು ನಳಿಗೆಯ ತುದಿಗೆ ಸಿಕ್ಕಿಸಿದರು. ಕಣ್ಣು ಮುಚ್ಚಿ ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಂಡರು. ನನ್ನ ಹೆಂಡತಿ ಬೆಟ್ಟದ ಕಡೆ ನೋಡುತ್ತಾ ನಿಂತಳು.

ಆಮೇಲೆ ಕಾಯಿ. ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು ಎಂದು ರೈತ ಹೇಳಿದ. ದಿಬ್ಬದ ಮುಂದಿನ ಕಂಬಕ್ಕೆ ಕಾಯಿ ಕಟ್ಟಿದೆವು. ಅವನು ರೈಫಲಿನ ಮೇಲಿನ ದುರ್ಬೀನಿನಲ್ಲಿ ಕಣ್ಣಿಟ್ಟ.

"ಅದನ್ನ ತೆಗೀಬೇಕು," ಎಂದರು ಮಾವನವರು. "ದುರ್ಬೀನು ಇಟ್ಕೊಂಡ್ರೆ ಯಾರು ಬೇಕಾದ್ರೂ ಹೊಡೀತಾರೆ. ನಿಂತೇ ಹೊಡೀಬೇಕು. ಒರಗೋ ಹಾಗಿಲ್ಲ."

ರೈತ ನನ್ನ ಕಡೆ ನೋಡಿದ. "ಇದು ಒಪ್ಪಂದದಲ್ಲಿ ಇರಲಿಲ್ಲ."

"ನಾಲ್ಕು ಮೂಟೆಯಲ್ಲಿ ಇದೂ ಸೇರಿದೆ," ಎಂದೆ.

ಮೊದಲನೇ ಗುಂಡು ದಿಬ್ಬಕ್ಕೆ ಹೋಯಿತು. ಎರಡನೆಯದೂ ದಿಬ್ಬಕ್ಕೇ. ಮಾವನವರು ತಮ್ಮ ಊರುಗೋಲನ್ನು ಭುಜಕ್ಕೆ ಒತ್ತಿ ಹಿಡಿದು, ಪಕ್ಕದಲ್ಲಿ ನಿಂತು ತೋರಿಸತೊಡಗಿದರು. ಕೆನ್ನೆ ಇಲ್ಲಿರಬೇಕು. ಉಸಿರು ಅರ್ಧ ಬಿಟ್ಟು ಹಿಡಿ. ಕೋವಿಯ ಕುದುರೆ ಎಳೆಯಬೇಡ, ಹಿಂಡು, ನಿಂಬೆಹಣ್ಣು ಹಿಂಡುವ ಹಾಗೆ. ಇಬ್ಬರೂ ಕಾಲು ಅಗಲಿಸಿ, ಒಬ್ಬ ರೈಫಲು ಒಬ್ಬರು ಕೋಲು ಹಿಡಿದು, ಒಂದೇ ಕಾಯಿಗೆ ಗುರಿಯಿಟ್ಟು ನಿಂತರು. "ಈಗ," ಎಂದರು ಮಾವನವರು.

ಕಾಯಿ ಎರಡು ಹೋಳಾಗಿ ಸಿಡಿಯಿತು. ನೀರು ಬಿಸಿಲಿನಲ್ಲಿ ಚಿಮ್ಮಿತು. ನಾಯಿಗಳು ಬೊಗಳಿದವು. ಬೆಟ್ಟದ ಅಂಚಿನಲ್ಲಿದ್ದ ಜಿಂಕೆಗಳೆಲ್ಲ ಓಡಿದವು. ಆಮೇಲೆ ಹತ್ತು ಹನ್ನೆರಡು ದಿನ ನನ್ನ ಮೆಂತ್ಯದ ಹತ್ತಿರ ಒಂದೂ ಸುಳಿಯಲಿಲ್ಲ, ಅದು ನನಗೆ ಸಿಕ್ಕ ಲಾಭ.

"ಗ್ರ್ಯಾಂಡ್, ತಾತ," ಎಂದು ಮಗಳು ಇಲ್ಲಿಯವರ ರಾಗದಲ್ಲೇ ಹೇಳಿದಳು.

ಊರಿನಲ್ಲಿ ಗೆದ್ದವನಿಗೆ ಬಹುಮಾನ ಕೊಡುತ್ತಾರೆ. ಮಾವನವರು ಉಳಿದ ಎರಡು ಕಾಯಿಯನ್ನು ರೈತನ ಕೈಗಿಟ್ಟರು. ಅವನು ಅವನ್ನು ಏನು ಮಾಡುವುದೆಂದು ತಿಳಿಯದೆ ಕಂಕುಳಲ್ಲಿ ಇಟ್ಟುಕೊಂಡು ಕೇಳಿದ. ಅವನ ಕಿವಿ ಕೆಂಪಾಗಿತ್ತು.

"ಎಲ್ಲ ಮುಗಿದ ಮೇಲೆ ನಾನು ನಿಮ್ಮ ಊರಿಗೆ ಬಂದ್ರೆ, ಅಲ್ಲಿ ಈ ಕಾಯಿಗೆ ಹೊಡೀಬಹುದಾ? ನನಗೆ ಏನು ಅರ್ಜಿ ಹಾಕಬೇಕು?"

ಮಾವನವರು ಯೋಚಿಸಿದರು. ಅವರ ಗಲ್ಲ ನುಣ್ಣಗೆ ಹೊಳೆಯುತ್ತಿತ್ತು. ಆಲೂಗಡ್ಡೆಗೆ ಹೊರಟವರು ಬೆಳಗ್ಗೆ ಎದ್ದು ಗಡ್ಡ ಬೋಳಿಸಿಕೊಂಡಿದ್ದರು, ಹಬ್ಬವಲ್ಲವೇ.

"ನೀವು ಅಲ್ಲಿ ಹೊರಗಿನವರು. ನಿಮಗೆ ವಿನಾಯಿತಿ ಇಲ್ಲ," ಎಂದರು. "ಕೋವಿ ನನ್ನ ಕೈಯಲ್ಲಿರುತ್ತೆ, ಹೂ ನೀವು ಇಡಿ. ಕೋಲು ಹಿಡ್ಕೊಂಡು ನನ್ನ ಪಕ್ಕ ನಿಂತ್ಕೊಳ್ಳಿ, ಅದಕ್ಕೆ ಅರ್ಜಿ ಬೇಡ." ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟರು. ಹನ್ನೊಂದು ವರ್ಷದಲ್ಲಿ ಅದು ಮೊದಲ ಸಲ. "ವೀಸಾ ಅರ್ಜಿ ಮಾತ್ರ ನಮ್ಮ ಅಳಿಯನ ಹತ್ತಿರ ತುಂಬಿಸ್ಕೊಳ್ಳಿ. ಚೆನ್ನಾಗಿ ತುಂಬ್ತಾರೆ. ಫೋಟೊ ಕೇಳಿದ್ರೆ ಕೊಡಬೇಡಿ."